ಸೋರುವ ಸೀಸದ ಕುಲುಮೆ: ಆರು ವರ್ಷ ಬಳಸಿದವನ ಮಾತು

ನಮ್ಮ ಗ್ಯಾರೇಜಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಕಬ್ಬಿಣದ ಬಟ್ಟಲಿದೆ. ಕೋವಿಯ ಗುಂಡು ಎರೆಯಲು ಸೀಸ ಕರಗಿಸುವ ಕರೆಂಟ್ ಕುಲುಮೆಯ ಮೂತಿಯ ಕೆಳಗೆ ಅದರ ಕಾಯಂ ಜಾಗ. ಕುಲುಮೆ ಸೋರುತ್ತದೆ, ಬಟ್ಟಲು ಹಿಡಿಯುತ್ತದೆ. ಆರು ವರ್ಷದಿಂದ ಎರಡರದ್ದೂ ಇದೇ ಸಂಸಾರ.

ಕಂಪನಿ ಹೆಸರು ಹೇಳುವುದಿಲ್ಲ. ಎಷ್ಟು ವಾಟ್, ಎಷ್ಟು ಪೌಂಡ್ ಹಿಡಿಯುತ್ತದೆ ಎಂಬುದೆಲ್ಲ ಡಬ್ಬದ ಮೇಲಿದೆ, ಓದಿಕೊಳ್ಳಿ. ನನಗೆ ಹೇಳಬೇಕಿರುವುದು ಈ ಸೋರಿಕೆಯ ವಿಷಯ.

ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಗ್ರೀನ್ ಕಾರ್ಡ್ ಬಂದ ವರ್ಷ ಸೆಕೆಂಡ್ ಹ್ಯಾಂಡ್ ಮಾರ್ಲಿನ್ 1895 ಲಿವರ್ ರೈಫಲ್ ಕೊಂಡೆ. ತಿನ್ನುವುದು .45-70 ತೋಟಾ. 1873ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಬಂದ ಅಜ್ಜನ ಕಾಲದ ತೋಟಾ ಅದು: ಹೆಸರಿಗೆ 0.45 ಇಂಚಿನ ಗುಂಡು, 70 ಗ್ರೇನ್ (ಸುಮಾರು ನಾಲ್ಕೂವರೆ ಗ್ರಾಂ) ಕರಿಮದ್ದು. ಅಂಗಡಿಯಲ್ಲಿ 20 ತೋಟಾಕ್ಕೆ ನಾನು 50 ಡಾಲರಿಗಿಂತ ಕಡಿಮೆ ಕೊಟ್ಟ ನೆನಪಿಲ್ಲ. ವರ್ಷಕ್ಕೊಂದು ಜಿಂಕೆ ಹೊಡೆಯುವವನಿಗೆ ಒಂದು ಡಬ್ಬ ಧಾರಾಳ. ನನಗೋ ತಿಂಗಳಿಗೆರಡು ಸಲ ಕಾಗದಕ್ಕೆ ಹೊಡೆಯದಿದ್ದರೆ ಕೈ ತುರಿಸುತ್ತದೆ.

ನಾನು ಕೊಡಗಿನ ಸೋಮವಾರಪೇಟೆ ಕಡೆಯವನು. ನಮ್ಮಜ್ಜ ಕೇಪಿನ ಕೋವಿಗೆ ಬಚ್ಚಲೊಲೆಯ ಮೇಲೆ ಹಳೇ ಸೌಟಿಟ್ಟು ಸೀಸ ಕರಗಿಸಿ ಗುಂಡು ಎರೆಯುತ್ತಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆ ಮುಗಿದಿತ್ತು. ನಾನು ಕೋವಿ ಕಂಡದ್ದು ಕೈಲ್ ಮುಹೂರ್ತದ ಆಯುಧ ಪೂಜೆಯಲ್ಲಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ. ಹಾಗಾಗಿ ಗುಂಡು ಮನೆಯಲ್ಲೇ ಎರೆಯಬಹುದು ಎಂದು ಕೇಳಿದಾಗ ಕಿವಿ ನೆಟ್ಟಗಾಯಿತು, ಈ ಕುಲುಮೆ ಮನೆಗೆ ಬಂತು.

ಕುಲುಮೆಯ ಒಳಗಿನ ಕೆಲಸ ಸರಳ. ನಡುವೆ ಒಂದು ಕಬ್ಬಿಣದ ಸರಳು, ಅದರ ತುದಿ ತಳದ ತೂತನ್ನು ಮುಚ್ಚಿ ಕೂರುತ್ತದೆ. ಹಿಡಿ ಎತ್ತಿದರೆ ಸೀಸ ಇಳಿಯಬೇಕು, ಬಿಟ್ಟರೆ ನಿಲ್ಲಬೇಕು. ಮೊದಲ ದಿನ ಎತ್ತಿದೆ, ಇಳಿಯಿತು. ಬಿಟ್ಟೆ, ಮತ್ತೂ ಇಳಿಯಿತು. ಟಪ್, ಟಪ್. ಎರಡು ಗಂಟೆ ಕೆಲಸ ಮಾಡಿ ಕೆಳಗೆ ಬಿದ್ದದ್ದನ್ನು ತೂಗಿದರೆ ಹತ್ತಿರ ಹತ್ತಿರ ಒಂದು ಕಿಲೋ. ಅಂದರೆ ನಲವತ್ತು ಗುಂಡಿನಷ್ಟು ಸೀಸ! ಬೆಂಚಿನ ಹಲಗೆ ಸುಟ್ಟು ಕಪ್ಪಾದ ಗುರುತು ಇವತ್ತಿಗೂ ಇದೆ.

ಕಂಪನಿಗೆ ಬರೆದೆ. ‘ಸ್ವಚ್ಛವಾದ ಲೋಹ ಬಳಸಿ’ ಎಂದು ಒಂದೇ ಸಾಲಿನ ಉತ್ತರ. ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲಿ ಈ ವಿಮರ್ಶೆ ಬರೆದಿದ್ದರೆ ಒಂದೇ ನಕ್ಷತ್ರ ಕೊಟ್ಟು ಎದ್ದುಬಿಡುತ್ತಿದ್ದೆ.

ಎರಡು ವರ್ಷ ಕಳೆದ ಮೇಲೆ ಗೊತ್ತಾಯಿತು, ಅವರು ಹೇಳಿದ್ದು ಮುಕ್ಕಾಲು ಪಾಲು ನಿಜ. ನಾನು ಟೈರ್ ಅಂಗಡಿಯಿಂದ ಬಕೆಟ್ ಲೆಕ್ಕದಲ್ಲಿ ತರುತ್ತಿದ್ದ ಹಳೇ ವೀಲ್ ವೇಟ್‌ಗಳನ್ನು (ಚಕ್ರ ಸಮತೂಕಕ್ಕೆ ಅಂಚಿಗೆ ಸಿಕ್ಕಿಸುವ ಸೀಸದ ತೂಕಗಳು) ಮಣ್ಣು, ಗ್ರೀಸು, ಕ್ಲಿಪ್ಪು ಸಮೇತ ನೇರ ಇದಕ್ಕೇ ಸುರಿಯುತ್ತಿದ್ದೆ. ಕಿಟ್ಟದ ಒಂದು ಕಣ ಸರಳಿನ ತುದಿಗೆ ಸಿಕ್ಕಿಕೊಂಡರೂ ಸಾಕು, ತೂತು ಪೂರ್ತಿ ಮುಚ್ಚುವುದಿಲ್ಲ. ಒಂದು ಸಲ ಸತುವಿನ ತೂಕಗಳೂ ಸೇರಿಬಿಟ್ಟವು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತುವಿಗೆ 419 ಬೇಕು. ನಾನು ಅವಸರಕ್ಕೆ ಬಿದ್ದು ಬಿಸಿಯ ಗುಂಡಿ ಪೂರ್ತಿ ತಿರುಗಿಸಿಟ್ಟಿದ್ದೆ, ಸತುವೂ ಕರಗಿ ಬೆರೆತುಹೋಯಿತು. ಪಾತ್ರೆಯಲ್ಲಿ ಆಮೇಲೆ ಇದ್ದದ್ದು ಕನ್ನಡಿಯಂಥ ಸೀಸ ಅಲ್ಲ, ತಣಿದ ಉಪ್ಪಿಟ್ಟು. ಅಷ್ಟನ್ನೂ ಎಸೆದೆ.

ಈಗ ಕೊಳಕು ಸೀಸವೆಲ್ಲ ಹೊರಗೆ ಗ್ಯಾಸ್ ಒಲೆಯ ಮೇಲೆ, ಬೇರೆ ಬಾಣಲೆಯಲ್ಲಿ. ಪ್ರತಿ ತೂಕವನ್ನೂ ಕಟಿಂಗ್ ಪ್ಲೇಯರ್‌ನಲ್ಲಿ ಕಚ್ಚಿ ನೋಡುತ್ತೇನೆ. ಹಲ್ಲು ಮೆತ್ತಗೆ ಇಳಿದರೆ ಸೀಸ, ಇಳಿಯದಿದ್ದರೆ ಸತು ಅಥವಾ ಉಕ್ಕು. ಕರಗಿದ ಮೇಲೆ ಮೇಣದ ಚೂರು, ಮರದ ಪುಡಿ ಹಾಕಿ ಕಲಕಿ ಕಿಟ್ಟ ತೆಗೆದು ಗಟ್ಟಿ ಮಾಡಿ ಇಡುತ್ತೇನೆ. ಆ ಗಟ್ಟಿಗಳಷ್ಟೇ ಕುಲುಮೆಗೆ, ಸ್ವಲ್ಪ ತವರದ ಜೊತೆ. ತೇವ ಇದ್ದ ಗಟ್ಟಿ ಕಾದ ಸೀಸಕ್ಕೆ ಬಿದ್ದರೆ ನೀರು ಆವಿಯಾಗಿ ಸೀಸವನ್ನೇ ಮೇಲಕ್ಕೆ ಸಿಡಿಸುತ್ತದೆ. ನನ್ನ ಬೆಂಚಿನ ಹತ್ತಿರ ನೀರಿನ ಬಾಟಲಿಗೂ ಪ್ರವೇಶವಿಲ್ಲ.

ಇಷ್ಟಾದ ಮೇಲೆ ಭಾನುವಾರ ಬೆಳಗ್ಗೆ ಎಂದರೆ ಹಬ್ಬ. ಗ್ಯಾರೇಜ್ ಬಾಗಿಲು ಪೂರ್ತಿ ಎತ್ತಿ, ಫ್ಯಾನ್ ಹೊರಮುಖವಾಗಿಟ್ಟು, ಅಲ್ಯೂಮಿನಿಯಂ ಅಚ್ಚನ್ನು ಕುಲುಮೆಯ ಅಂಚಿಗೆ ಒರಗಿಸಿ ಕಾಯಲು ಬಿಡುತ್ತೇನೆ. ಮೊದಲ ಹತ್ತು ಹದಿನೈದು ಗುಂಡು ಸುಕ್ಕು ಸುಕ್ಕು, ಮೊದಲ ದೋಸೆಯ ಹಾಗೆ, ವಾಪಸ್ ಪಾತ್ರೆಗೆ. ಆಮೇಲೆ ಒಂದು ಕ್ಷಣ ಬರುತ್ತದೆ. ಸೀಸ ಸುರಿದು ಐದಾರು ಎಣಿಸುವಷ್ಟರಲ್ಲಿ ಮೇಲಿನ ತೊಟ್ಟು ಹೊಳಪು ಕಳೆದುಕೊಂಡು ಮಂಕಾಗುತ್ತದೆ. ಅಚ್ಚಿನ ಮೇಲಿನ ತಟ್ಟೆ ಸರಿಸಿದರೆ ತೊಟ್ಟು ತುಂಡಾಗುತ್ತದೆ, ಅಚ್ಚು ಬಿಚ್ಚಿದರೆ ಎರಡು ಗುಂಡು ಮಡಚಿದ ಟವೆಲಿನ ಮೇಲೆ ಧೊಪ್ ಧೊಪ್. ಅಂಚೆಲ್ಲ ಕೊರೆದಿಟ್ಟ ಹಾಗೆ. ಅಚ್ಚಿನ ಮೇಲೆ 405 ಗ್ರೇನ್ ಎಂದಿದ್ದರೂ ನನ್ನ ಮಿಶ್ರಣದಲ್ಲಿ 400ರ ಸುತ್ತಮುತ್ತ ನಿಲ್ಲುತ್ತದೆ. ಮೂತಿ ಚಪ್ಪಟೆ. ಈ ರೈಫಲಿನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗುವುದರಿಂದ ಚೂಪು ಮೂತಿ ಮುಂದಿನದರ ಬುಡದ ಕೇಪಿಗೆ ಚುಚ್ಚಿ ಅದು ಒಳಗೇ ಸಿಡಿಯುವ ಅಪಾಯವಿದೆ.

ಆ ಟವೆಲಿನ ವಿಷಯದಲ್ಲಿ ಮನೆಯಲ್ಲಿ ಒಂದು ಜಗಳ ನಡೆದುಹೋಗಿದೆ. “ರೀ, ಸೀಸದ ಬಟ್ಟೆ ಮಕ್ಕಳ ಬಟ್ಟೆ ಜೊತೆ ಮೆಷಿನ್ನಿಗೆ ಹಾಕಿದ್ರಾ?” ಹಾಕಿದ್ದೆ. ತಪ್ಪು ನನ್ನದೇ, ಸೀಸ ವಿಷ. ಈಗ ಟವೆಲ್, ಶರ್ಟು, ಬೂಟು ಎಲ್ಲ ಗ್ಯಾರೇಜಿನಲ್ಲೇ ಬೇರೆ. ಕೈ ತೊಳೆಯದೆ ಕಾಫಿಯೂ ಇಲ್ಲ.

ಇನ್ನು ಗುಂಡು ನಳಿಗೆಯಲ್ಲಿ ಜಾರಿ ಹೋಗಲು ಬೇಕಾದ ಜಿಡ್ಡು. ಗುಂಡುಗಳನ್ನು ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, ಸುತ್ತ ಕರಗಿದ ಜೇನುಮೇಣದ ಮಿಶ್ರಣ ಸುರಿಯುತ್ತೇನೆ. ತಣಿದ ಮೇಲೆ ಥೇಟ್ ಬರ್ಫಿ. ಬುಡ ಕತ್ತರಿಸಿದ ಹಳೇ ತೋಟಾದ ಕೊಳವೆಯಿಂದ ಒಂದೊಂದನ್ನೇ ಒತ್ತಿ ತೆಗೆಯಬೇಕು. ಜಿಡ್ಡಿನ ಬದಲು ಪೌಡರ್ ಕೋಟಿಂಗ್ (ಗುಂಡಿನ ಮೇಲೆ ಬೇಯಿಸಿದ ಬಣ್ಣದ ಪುಡಿಯ ಲೇಪ) ಮಾಡುವವರು ನನ್ನನ್ನು ಹಳೇ ಮುದುಕ ಎನ್ನುತ್ತಾರೆ. ಎನ್ನಲಿ, ಆ ವಾಸನೆ ಅವರಿಗೆ ಸಿಗುವುದಿಲ್ಲ.

ನನ್ನ ನಳಿಗೆ ಅಳೆದರೆ 0.458 ಇಂಚು, ಗುಂಡು 0.460. ಗುಂಡು ಸಣ್ಣದಾದರೆ ಬಿಸಿ ಗಾಳಿ ಪಕ್ಕದಿಂದ ನುಗ್ಗಿ ನಳಿಗೆಯೊಳಗೆ ಸೀಸ ಮೆತ್ತುತ್ತದೆ, ಅದನ್ನು ಉಜ್ಜಿ ತೆಗೆಯುವ ಪಾಡು ಶತ್ರುವಿಗೂ ಬೇಡ. ಮದ್ದಿನ ಅಳತೆ ಇಲ್ಲಿ ಬರೆಯುವುದಿಲ್ಲ. .45-70ಕ್ಕೆ ಮ್ಯಾನುವಲ್‌ಗಳಲ್ಲಿ ಕೋವಿ ತಡೆಯುವ ಬಲಕ್ಕೆ ತಕ್ಕಂತೆ ಹಳೇ ಟ್ರಾಪ್‌ಡೋರ್ (ಮುಚ್ಚಳ ಎತ್ತಿ ತೋಟಾ ತುಂಬುವ ರೈಫಲ್), ಲಿವರ್, ಗಟ್ಟಿ ಸಿಂಗಲ್ ಶಾಟ್ ಎಂದು ಮೂರು ಬೇರೆ ಪಟ್ಟಿಗಳಿರುತ್ತವೆ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಕೋವಿಯೂ ಇರುವುದಿಲ್ಲ, ಕೈಯೂ ಇರುವುದಿಲ್ಲ.

ಹೋದ ಡಿಸೆಂಬರಿನಲ್ಲಿ ಎಪ್ಪತ್ತು ಗಜದಲ್ಲಿ ಒಂದು ಬಿಳಿಬಾಲದ ಜಿಂಕೆ. ಒಂದೇ ಈಡು, ಮೂವತ್ತು ಹೆಜ್ಜೆ ಓಡಿ ಮಲಗಿತು. ಗುಂಡು ಆಚೆಯಿಂದ ಹೊರಬಿದ್ದು ಹೋಗಿತ್ತು, ಹುಡುಕಿದೆ, ಸಿಗಲಿಲ್ಲ. ಕ್ಯಾಲಿಫೋರ್ನಿಯಾದವರು ಇದನ್ನು ಓದಿ ಆಸೆಪಡಬೇಡಿ, ಅಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ.

ಮತ್ತೆ ಕೊಳ್ಳುತ್ತೀಯಾ ಎಂದರೆ, ನನ್ನ ಜೇಬಿಗೆ ಹೌದು. ಮೂರು ಪಟ್ಟು ಬೆಲೆಯ ಕುಲುಮೆ ಸೋರುವುದಿಲ್ಲವಂತೆ. ಆ ದುಡ್ಡಿಗೆ ನಾನು ಎರಡು ವರ್ಷದ ಮದ್ದು ಕೊಳ್ಳುತ್ತೇನೆ. ಹೊಸಬರಿಗೆ ಒಂದೇ ಸಲಹೆ: ಕೆಲಸ ಶುರು ಮಾಡುವ ಮೊದಲು ಸರಳಿನ ತಲೆಗೆ ಸ್ಕ್ರೂಡ್ರೈವರ್ ಕೊಟ್ಟು ಎರಡು ಸುತ್ತು ತಿರುಗಿಸಿ, ಕಿಟ್ಟ ಬಿಡುತ್ತದೆ. ಕಳೆದ ಭಾನುವಾರ 160 ಗುಂಡು ಎರೆದೆ. ಬಟ್ಟಲು ತೂಗಿದೆ: ಮೂರು ಗುಂಡಿನಷ್ಟು.