ನೊರೆ ಬರುವುದು, ನೊರೆ ಬಾರದ್ದು: ಎರಡು ಸೋಪಿಂಗ್ ಏಜೆಂಟ್‌ಗಳ ಬಗ್ಗೆ ನನ್ನ ಅನುಭವ

ಯಲಹಂಕದ ಕಡೆ ನನ್ನದೊಂದು ಸಣ್ಣ ಡೈಯಿಂಗ್ ಯೂನಿಟ್ ಇದೆ. ಹೆಚ್ಚಾಗಿ ಕಾಟನ್ ದುಪಟ್ಟಾ, ಸೀರೆ, ಕುರ್ತಾ ಬಟ್ಟೆ. ಎಲ್ಲಕ್ಕೂ ರಿಯಾಕ್ಟಿವ್ ಡೈ, ಅಂದರೆ ನೂಲಿನ ಜೊತೆ ರಾಸಾಯನಿಕವಾಗಿ ಕೂಡಿಕೊಳ್ಳುವ ಬಣ್ಣ. ಆಗೊಮ್ಮೆ ಈಗೊಮ್ಮೆ ರೇಷ್ಮೆಯೂ ಬರುತ್ತದೆ. ಸೋಪಿಂಗ್ ಏಜೆಂಟ್ ಅಂದರೆ ಬಣ್ಣ ಹಾಕಿದ ಮೇಲೆ ಬಟ್ಟೆ ತೊಳೆಯಲು ಬಳಸುವ ಕೆಮಿಕಲ್. ಅದರ ಬಗ್ಗೆ ಯಾರನ್ನು ಕೇಳಿದರೂ ಅದು ಹೆಚ್ಚುವರಿ ಬಣ್ಣವನ್ನು ಎಷ್ಟು ಚೆನ್ನಾಗಿ ತೆಗೆಯುತ್ತದೆ ಅಂತ ಹೇಳುತ್ತಾರೆ. ಆ ಕೆಲಸ ಮುಗಿದ ಮೇಲೆ ಏಜೆಂಟ್ ತಾನು ಬಟ್ಟೆ ಬಿಟ್ಟು ಹೋಗುತ್ತದಾ? ಇದನ್ನು ಯಾರೂ ಹೇಳುವುದಿಲ್ಲ. ಕೆಲವು ವರ್ಷಗಳಿಂದ ನಾನು ಎರಡು ಬಗೆಯನ್ನು ಅಕ್ಕಪಕ್ಕದಲ್ಲೇ ಇಟ್ಟುಕೊಂಡು ಬಳಸುತ್ತಿದ್ದೇನೆ, ಹಾಗಾಗಿ ಈ ವಿಮರ್ಶೆ ಅದರ ಬಗ್ಗೆಯೇ.

ಮೊದಲನೆಯದು ನೊರೆ ಬರುವ ಬಗೆ. ಸಿಂಥ್ರಾಪಾಲ್ ಅಂತ ಕೇಳಿರುತ್ತೀರಲ್ಲ, ಆ ಜಾತಿಯದು. ನಾನ್‌ಅಯಾನಿಕ್, ಅಂದರೆ ನೀರಿನಲ್ಲಿ ವಿದ್ಯುತ್ ಅಂಶ ಇಲ್ಲದ ಮಾರ್ಜಕ. ಎರಡನೆಯದು ಪಾಲಿಅಕ್ರಿಲೇಟ್ ಬಗೆ, ನೀರಿನಲ್ಲಿ ಕರಗುವ ಒಂದು ಪಾಲಿಮರ್. ನೊರೆ ಬರುವುದೇ ಇಲ್ಲ ಅನ್ನಬಹುದು. ಎರಡನ್ನೂ ಪೇಟೆಯ ಕೆಮಿಕಲ್ ಅಂಗಡಿಯಿಂದ ಕ್ಯಾನ್‌ನಲ್ಲಿ ತರುತ್ತೇನೆ. ಲೀಟರ್ ನೀರಿಗೆ 1ರಿಂದ 2 ಗ್ರಾಂ ಸಾಕು. ಪಾಲಿಅಕ್ರಿಲೇಟ್‌ಗೆ ದುಡ್ಡು ಜಾಸ್ತಿ.

ಸೋಪಿಂಗ್ ಯಾಕೆ ಬೇಕು ಅಂತ ಹೊಸಬರಿಗೆ ಒಂದು ಮಾತು. ರಿಯಾಕ್ಟಿವ್ ಡೈ ಪೂರ್ತಿಯಾಗಿ ನೂಲಿಗೆ ಸೇರುವುದಿಲ್ಲ. ಬಣ್ಣ ನೂಲಿಗೆ ಕೂಡಲೆಂದು ಸೋಡಾ ಆ್ಯಶ್ (ವಾಷಿಂಗ್ ಸೋಡಾ) ಹಾಕಿದ ಮೇಲೆ ಅದರಲ್ಲಿ ಒಂದು ಪಾಲು ನೂಲನ್ನು ಬಿಟ್ಟು ನೀರಿನ ಜೊತೆ ಕೂಡಿಬಿಡುತ್ತದೆ. ಆಮೇಲೆ ಅದಕ್ಕೆ ನೂಲನ್ನು ಹಿಡಿಯುವ ಶಕ್ತಿ ಇರುವುದಿಲ್ಲ. ಸುಮ್ನೆ ಮೇಲೆ ಕೂತಿರುತ್ತದೆ. ಮನೆಗೆ ಹೋದ ಮೇಲೆ ಮೊದಲ ಒಗೆತದಲ್ಲಿ ಬಿಳಿ ಅಂಗಿಗೆ ಹತ್ತುವುದು ಇದೇ. ಬಣ್ಣದ ನೀರಿಗೆ ಹಾಕಿದ್ದ ಉಪ್ಪು ಮತ್ತು ಸೋಡಾವನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ ತೆಗೆಯಬೇಕು. ಉಪ್ಪು ಉಳಿದಿದ್ದರೆ ಯಾವ ಏಜೆಂಟ್ ಹಾಕಿದರೂ ಈ ಬಣ್ಣ ನೂಲನ್ನು ಬಿಡಲು ಒಪ್ಪುವುದಿಲ್ಲ. ಆಮೇಲೆ ಏಜೆಂಟ್ ಹಾಕಿ 90-95 ಡಿಗ್ರಿಯಲ್ಲಿ ಸೋಪಿಂಗ್. ನಮ್ಮ ಬೆಂಗಳೂರು ಎತ್ತರದಲ್ಲಿರುವುದರಿಂದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಹಂಡೆಯ ನೀರು ಕುದಿ ಬರುವ ಹಂತದಲ್ಲಿದ್ದರೆ ಸರಿ.

ಈಗ ಅಸಲಿ ವಿಷಯ. ಉಳಿದ ಬಣ್ಣ ಬಿಸಿನೀರಿನಲ್ಲೇ ಚೆನ್ನಾಗಿ ಬಿಡುತ್ತದೆ. ಹಾಗಾಗಿ ಸೋಪಿಂಗ್ ಆದ ಮೇಲಿನ ಮೊದಲ ಜಾಲಿಸುವ ನೀರೂ ಬಿಸಿ ಇರಬೇಕು. ಆದರೆ ನಾನ್‌ಅಯಾನಿಕ್ ಬಗೆಯದು ಇದಕ್ಕೆ ತದ್ವಿರುದ್ಧ. ನೀರು ಬಿಸಿಯಾದಷ್ಟೂ ಅದು ಕರಗುವುದು ಕಡಿಮೆ. ಒಂದು ಹಂತ ದಾಟಿದರೆ ನೀರಿನಿಂದ ಬೇರೆಯಾಗಿ ಮೋಡದ ಹಾಗೆ ಬೆಳ್ಳಗಾಗುತ್ತದೆ. ಇದಕ್ಕೆ ಕ್ಲೌಡ್ ಪಾಯಿಂಟ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ಅದು ಬಟ್ಟೆಯ ಮೇಲೇ ಕೂರಬಹುದು. ಅಂದರೆ ಬಣ್ಣಕ್ಕೆ ಬಿಸಿನೀರು ಬೇಕು, ಏಜೆಂಟ್‌ಗೆ ಬೆಚ್ಚಗಿನ ನೀರು ಬೇಕು. ಎರಡನ್ನೂ ಒಂದೇ ನೀರಿನಲ್ಲಿ ತೆಗೆಯಲು ಆಗುವುದಿಲ್ಲ. ಬಿಸಿನೀರಲ್ಲಿ ಒಮ್ಮೆ, ಬೆಚ್ಚಗಿನ ನೀರಲ್ಲಿ ಮತ್ತೆ, ಆಮೇಲೆ ತಣ್ಣೀರು. ನೀರೂ ಜಾಸ್ತಿ, ಹೊತ್ತೂ ಜಾಸ್ತಿ.

ನಿಮ್ಮ ಕ್ಯಾನ್‌ನಲ್ಲಿರುವುದು ಹೇಗಿದೆ ಅಂತ ನೋಡಲು ಸುಲಭದ ದಾರಿ ಇದೆ. ಸ್ಟೀಲ್ ಲೋಟದಲ್ಲಿ ನೀರಿಗೆ ಸ್ವಲ್ಪ ಏಜೆಂಟ್ ಹಾಕಿ, ಥರ್ಮಾಮೀಟರ್ ಇಟ್ಟು ಮೆಲ್ಲಗೆ ಕಾಯಿಸಿ. ಯಾವ ಡಿಗ್ರಿಗೆ ಬೆಳ್ಳಗಾಗುತ್ತದೋ ಬರೆದಿಡಿ. ಕುದಿಯುವವರೆಗೂ ತಿಳಿಯಾಗಿಯೇ ಇದ್ದರೆ ಚಿಂತೆಯಿಲ್ಲ. ಪಾಲಿಅಕ್ರಿಲೇಟ್‌ನಲ್ಲಿ ಈ ತಾಪತ್ರಯವೇ ಇಲ್ಲ. ಅದು ಬಿಸಿನೀರಿನಲ್ಲೂ ಕರಗಿಯೇ ಇರುತ್ತದೆ. ನೀರಿನಲ್ಲಿ ಅದೂ ಋಣ (ನೆಗೆಟಿವ್) ವಿದ್ಯುತ್ ಅಂಶದ್ದು, ಕಾಟನ್ನಿನ ಮೈಯೂ ಋಣ ಅಂಶದ್ದು. ಹಾಗಾಗಿ ನೂಲು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬಣ್ಣ ಹೋಗುವ ಬಿಸಿನೀರಿನಲ್ಲೇ ಅದೂ ಹೊರಟುಹೋಗುತ್ತದೆ. ನನಗೆ ಇದು ತುಂಬಾ ಹಿಡಿಸಿದ ಗುಣ.

ಇನ್ನೊಂದು ಕಾರಣ ನಮ್ಮ ನೀರು. ಕಾವೇರಿ ನೀರು ಬಂದ ದಿನ ಕೆಲಸ ಸಲೀಸು. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ, ಉಳಿದ ಬಣ್ಣ ನೂಲಿನ ಮೇಲೇ ಗಟ್ಟಿಯಾಗಿ ಕೂರುತ್ತದೆ. ಪಾಲಿಅಕ್ರಿಲೇಟ್ ಆ ಕ್ಯಾಲ್ಸಿಯಂ ಅನ್ನು ತಾನು ಹಿಡಿದುಕೊಳ್ಳುತ್ತದೆ, ನಾನ್‌ಅಯಾನಿಕ್‌ಗೆ ಆ ಕೆಲಸ ಬರುವುದಿಲ್ಲ. 2024ರ ಬೇಸಿಗೆ ನೆನಪಿದೆ ಅಲ್ವಾ? ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡಿತ್ತು. ನಮ್ಮ ಸಂಪಿಗೆ ಬೀಳುತ್ತಿದ್ದ ಒಂದೊಂದು ಲೋಡ್ ನೀರೂ ಒಂದೊಂದು ಥರ. ಆ ತಿಂಗಳುಗಳಲ್ಲಿ ನೊರೆ ಬರುವ ಕ್ಯಾನ್ ಮುಟ್ಟಲೇ ಇಲ್ಲ. ಒಂದು ಸೀರೆಯ ನೊರೆ ಬಿಡಿಸಲು ಅಷ್ಟು ನೀರು ಸುರಿಯುವುದು ಆಗ ಅನ್ಯಾಯ ಅನ್ನಿಸಿತ್ತು.

ಹಾಗಂತ ನೊರೆ ಕಂಡ ಕೂಡಲೇ ಏಜೆಂಟ್ ರಾಶಿ ಉಳಿದಿದೆ ಅಂದುಕೊಳ್ಳಬೇಡಿ. ನಾನ್‌ಅಯಾನಿಕ್ ತೀರಾ ಚೂರು ಇದ್ದರೂ ನೊರೆ ಕೊಡುತ್ತದೆ. ನೊರೆ ಇಲ್ಲ ಅಂದರೆ ಏನೂ ಉಳಿದಿಲ್ಲ ಅಂತಲೂ ಅಲ್ಲ, ಪಾಲಿಅಕ್ರಿಲೇಟ್ ಎಷ್ಟಿದ್ದರೂ ನೊರೆ ಬಾರದು. ಅದಕ್ಕೇ ನಾನು ಒಂದೊಂದಕ್ಕೆ ಒಂದೊಂದು ಪರೀಕ್ಷೆ ಮಾಡುತ್ತೇನೆ. ನಾನ್‌ಅಯಾನಿಕ್‌ಗೆ: ಬಟ್ಟೆಯ ಚೂರನ್ನು ಆರ್‌ಓ ನೀರಿನ ಬಾಟಲಿಗೆ ಹಾಕಿ ಜೋರಾಗಿ ಕುಲುಕುವುದು. ಮೇಲೆ ನೊರೆ ನಿಂತರೆ ಇನ್ನೊಂದು ನೀರು ಬೇಕು. ಇದಕ್ಕೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಉಪಯೋಗವಿಲ್ಲ, ವಿದ್ಯುತ್ ಅಂಶ ಇಲ್ಲದ್ದನ್ನು ಅದು ತೋರಿಸುವುದಿಲ್ಲ. ಪಾಲಿಅಕ್ರಿಲೇಟ್‌ಗೆ: ಕೊನೆಯ ಜಾಲಿಸಿದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಕ್ಯಾಟಯಾನಿಕ್ ಫಿಕ್ಸರ್ (ಬಣ್ಣ ಬಿಡದಂತೆ ಕೊನೆಗೆ ಹಾಕುವ ಕೆಮಿಕಲ್) ಕೆಲವು ಹನಿ ಬಿಡುವುದು. ನೀರು ಮಬ್ಬಾದರೆ ಏಜೆಂಟೋ ಬಿಡಿ ಬಣ್ಣವೋ ಇನ್ನೂ ಇದೆ ಅಂತ ಅರ್ಥ. ಫಿಕ್ಸರ್ ಧನ (ಪಾಸಿಟಿವ್) ಅಂಶದ್ದು, ಇವೆರಡೂ ಋಣ ಅಂಶದವು, ಕೂಡಿದರೆ ಕರಗದ ಗಸಿಯಾಗುತ್ತದೆ. ಸರಿಯಾಗಿ ಜಾಲಿಸದೆ ಫಿಕ್ಸರ್ ಅಥವಾ ಸಾಫ್ಟ್‌ನರ್ ಹಾಕಿದರೆ ಇದೇ ಗಸಿ ಬಟ್ಟೆಯ ಮೇಲೆ ಕಲೆಯಾಗಿ ಕೂರುತ್ತದೆ. ಉಜ್ಜಿದರೂ ಹೋಗದು.

ಬಣ್ಣಕ್ಕೆ ಬೇರೆ ಪರೀಕ್ಷೆ. ಒದ್ದೆ ಬಟ್ಟೆಯ ಮೇಲೆ ಬಿಳಿ ಕಾಟನ್ ಇಟ್ಟು ಬಿಸಿ ಇಸ್ತ್ರಿ ಒತ್ತುವುದು. ಬಿಳಿ ಬಿಳಿಯಾಗಿಯೇ ಉಳಿಯಬೇಕು. ಕಡು ಕಪ್ಪು ಮತ್ತು ಟರ್ಕ್ವಾಯ್ಸ್ ಬಹಳ ಸತಾಯಿಸುತ್ತವೆ. ಟರ್ಕ್ವಾಯ್ಸ್‌ನದು ದೊಡ್ಡ ಅಣು, ನೂಲಿನಿಂದ ಹೊರಗೆ ಬರಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಯಾವ ಏಜೆಂಟ್ ಇದ್ದರೂ ಎರಡು ಸಲ ಸೋಪಿಂಗ್ ಮಾಡುತ್ತೇನೆ.

ಮನೆಯ ವಾಷಿಂಗ್ ಪೌಡರ್ ಸಾಕಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಹಲವು ಪೌಡರ್‌ಗಳಲ್ಲಿ ಬಟ್ಟೆ ಬೆಳ್ಳಗೆ ಕಾಣಲಿ ಅಂತ ಬ್ರೈಟ್‌ನರ್ ಹಾಕಿರುತ್ತಾರೆ. ಅದು ಕಾಟನ್ನಿಗೆ ಅಂಟಿಕೊಳ್ಳಲೆಂದೇ ಮಾಡಿದ್ದು, ಜಾಲಿಸಿದರೆ ಹೋಗುವುದಿಲ್ಲ. ತಿಳಿ ಹಳದಿ, ತಿಳಿ ಗುಲಾಬಿ ಬಿಸಿಲಿಗೆ ಹಿಡಿದರೆ ಬಣ್ಣವೇ ಬೇರೆ ಕಾಣುತ್ತದೆ. ಬಾರ್ ಸೋಪಂತೂ ಬೋರ್ ನೀರಿನಲ್ಲಿ ಜಿಡ್ಡು ಗಸಿಯಾಗಿ ನೂಲಿಗೆ ಮೆತ್ತುತ್ತದೆ.

ರೇಷ್ಮೆಗೆ ಮಾತ್ರ ನನ್ನ ಆಯ್ಕೆ ತಿರುಗುತ್ತದೆ. ಕಬ್ಬನ್‌ಪೇಟೆಯಲ್ಲಿ ರೇಷ್ಮೆಗೆ ಬಣ್ಣ ಹಾಕುವ ಹಿರಿಯರೊಬ್ಬರು ಹೇಳಿದ್ದರು: "ಸೋಪು ಪೂರ್ತಿ ಬಿಡೋವರೆಗೂ ವಿನೆಗರ್ ಮುಟ್ಟಬೇಡಮ್ಮ." ಅದರ ಕಾರಣ ನನಗೆ ಆಮೇಲೆ ಗೊತ್ತಾಯಿತು. ನೀರು ಸಾಕಷ್ಟು ಹುಳಿಯಾದರೆ ರೇಷ್ಮೆಯ ಮೈ ಧನ ಅಂಶಕ್ಕೆ ತಿರುಗುತ್ತದೆ. ಆಗ ಋಣ ಅಂಶದ ಸೋಪೋ ಪಾಲಿಅಕ್ರಿಲೇಟೋ ಇದ್ದರೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ರೇಷ್ಮೆಗೆ ನೊರೆ ಬರುವ ನಾನ್‌ಅಯಾನಿಕ್ ಬಗೆಯನ್ನೇ ಕೊಂಚ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಜಾಲಿಸುತ್ತೇನೆ. ಅಷ್ಟು ಬಿಸಿ ಬೇಡವಾದ್ದರಿಂದ ಕ್ಲೌಡ್ ಪಾಯಿಂಟ್ ತೊಂದರೆಯೂ ಇಲ್ಲ. ಬಾಟಲಿ ಪರೀಕ್ಷೆಯಲ್ಲಿ ನೊರೆ ಹೋಯಿತು ಅಂದ ಮೇಲೆ ಕೊನೆಯ ನೀರಿಗೆ ವಿನೆಗರ್. ಅಂಟುವಾಳವೂ ರೇಷ್ಮೆಗೆ ಒಳ್ಳೆಯದೇ, ಆದರೆ ಅದರ ಕಂದು ರಸ ತಿಳಿ ಬಣ್ಣವನ್ನು ಮಂಕು ಮಾಡುತ್ತದೆ.

ನೊರೆ ಬರುವುದನ್ನು ಕೊಳ್ಳುವವರು ಅಂಗಡಿಯಲ್ಲಿ 'ಎಪಿಇಓ ಇಲ್ಲದ್ದು ಕೊಡಿ' ಅಂತ ಕೇಳಿ, ಡೇಟಾ ಶೀಟ್ ತೋರಿಸಲು ಹೇಳಿ. ಎಪಿಇಓ ಅಂದರೆ ಆಲ್ಕೈಲ್‌ಫಿನಾಲ್ ಎಥಾಕ್ಸಿಲೇಟ್ ಎಂಬ ಮಾರ್ಜಕಗಳ ಗುಂಪು. ಅಗ್ಗದ ಕೆಲವು ಸರಕಿನಲ್ಲಿ ಈ ಗುಂಪಿನ ನೊನೈಲ್‌ಫಿನಾಲ್ ಎಥಾಕ್ಸಿಲೇಟ್ ಇರುತ್ತದೆ. ಅದು ಬಟ್ಟೆಯಲ್ಲಿ ಉಳಿದು, ಒಗೆದಾಗಲೆಲ್ಲ ಚರಂಡಿ, ನದಿ ಸೇರುತ್ತದೆ. ಇದೇ ಕಾರಣಕ್ಕೆ ಯುರೋಪಿನಲ್ಲಿ 2021ರ ಫೆಬ್ರವರಿ 3ರಿಂದ ಒಗೆಯಬಹುದಾದ ಬಟ್ಟೆಯಲ್ಲಿ ಅದು ತೂಕದ ಶೇ. 0.01 ಅಥವಾ ಹೆಚ್ಚು ಇದ್ದರೆ ಮಾರುವಂತಿಲ್ಲ. ಕೊಳಚೆ ತುಂಬಿದ ನಮ್ಮ ವೃಷಭಾವತಿ ನದಿಯನ್ನು ನೋಡಿದವರಿಗೆ ಇದು ದೂರದ ಮಾತಲ್ಲ.

ನನ್ನ ಅಂಕ: ಕಾಟನ್ನಿಗೆ ಪಾಲಿಅಕ್ರಿಲೇಟ್ ಬಗೆಗೆ ಐದಕ್ಕೆ ನಾಲ್ಕೂವರೆ, ನಾನ್‌ಅಯಾನಿಕ್‌ಗೆ ಮೂರು. ರೇಷ್ಮೆಗೆ ನಾನ್‌ಅಯಾನಿಕ್‌ಗೆ ನಾಲ್ಕು. ಪಾಲಿಅಕ್ರಿಲೇಟ್‌ಗೆ ಅರ್ಧ ಅಂಕ ಕಡಿಮೆ ಕೊಟ್ಟಿದ್ದು ಬೆಲೆಗಲ್ಲ. ಎಣ್ಣೆ ಕಲೆ, ಬ್ಲಾಕ್ ಪ್ರಿಂಟ್ ಬಟ್ಟೆಯ ಗಂಜಿ ಜಿಗುಟು ಇದ್ದರೆ ಅದನ್ನು ಬಿಡಿಸಲು ಅದರಿಂದ ಆಗುವುದಿಲ್ಲ. ಅಂಥ ಬಟ್ಟೆ ಬಂದರೆ ಬಣ್ಣ ಹಾಕುವ ಮೊದಲೇ ಬೇರೆಯಾಗಿ ತೊಳೆದುಕೊಳ್ಳಬೇಕು.