ವಿದೇಶದಲ್ಲಿ ಕೊಂಡ ಬಳೆಗಳು ಮತ್ತು ತೆರಿಗೆ ಮರುಪಾವತಿ ಸೇವೆ: ಬಳಸಿ ನೋಡಿದವರ ವಿಮರ್ಶೆ

ಐರೋಪ್ಯ ಒಕ್ಕೂಟದ ಒಂದು ನಗರದಲ್ಲಿ ನಾನು ಹದಿನೆಂಟು ಕ್ಯಾರಟ್ ಚಿನ್ನದ, ಸಣ್ಣ ವಜ್ರಗಳನ್ನು ಕೂರಿಸಿದ ಒಂದು ಜೊತೆ ಬಳೆ ಕೊಂಡೆ. ಅಂಗಡಿಯವರು ಪಾಸ್‌ಪೋರ್ಟ್ ಕೇಳಿ ಪಡೆದು, ಬಿಲ್ಲಿನ ಜೊತೆಗೆ ಪ್ರವಾಸಿಗರ ತೆರಿಗೆ ಮರುಪಾವತಿಯ ಅರ್ಜಿಯನ್ನೂ ತುಂಬಿ ಕೈಗಿತ್ತರು. ಈ ವಿಮರ್ಶೆ ಆ ಸೇವೆಯ ಕುರಿತದ್ದು. ಅಂಗಡಿಯ ಗಲ್ಲಾದಿಂದ ಹಿಡಿದು, ನಾನು ವಿಮಾನ ಇಳಿದ ದೇಶದ ಕಸ್ಟಮ್ಸ್ ಮೇಜಿನವರೆಗೆ ಅದು ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಬಿಟ್ಟಿತು ಎಂಬುದನ್ನು ದಾಖಲಿಸುವುದು ಇದೇ ಹಾದಿಯಲ್ಲಿ ಹೊರಟವರಿಗೆ ನೆರವಾಗಬಹುದೆಂದು ನಂಬಿದ್ದೇನೆ.

ಸೇವೆಯ ತಳಹದಿ ಸರಳವಾಗಿದೆ. ಒಕ್ಕೂಟದ ಹೊರಗೆ ವಾಸಿಸುವ ಪ್ರವಾಸಿಯು ತನ್ನ ಸ್ವಂತ ಸಾಮಾನಿನಲ್ಲಿ ಹೊರಗೆ ಒಯ್ಯುವ ವಸ್ತುವಿನ ಮೇಲೆ ಕೊಟ್ಟ ಮೌಲ್ಯವರ್ಧಿತ ತೆರಿಗೆಯನ್ನು, ಅಂದರೆ ವ್ಯಾಟನ್ನು, ಹಿಂದಕ್ಕೆ ಪಡೆಯಬಹುದು. ಖರೀದಿಸಿದ ತಿಂಗಳು ಮುಗಿದ ಮೇಲಿನ ಮೂರನೆಯ ತಿಂಗಳ ಕೊನೆಯೊಳಗೆ ವಸ್ತು ಒಕ್ಕೂಟದ ಗಡಿ ದಾಟಿರಬೇಕು, ಮತ್ತು ದಾಟಿದ್ದಕ್ಕೆ ಕಸ್ಟಮ್ಸ್‌ನ ದೃಢೀಕರಣ ಇರಬೇಕು. ಈ ದೃಢೀಕರಣ ದೊರೆಯುವುದು ಒಕ್ಕೂಟವನ್ನು ಬಿಡುವ ಕೊನೆಯ ನಿಲ್ದಾಣದಲ್ಲಿ. ಒಂದು ಸದಸ್ಯ ದೇಶದಲ್ಲಿ ಕೊಂಡು ಇನ್ನೊಂದು ಸದಸ್ಯ ದೇಶದ ಮೂಲಕ ಹೊರಡುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಫ್ರಾನ್ಸ್‌ನಲ್ಲಿ ಪಾಬ್ಲೋ, ಸ್ಪೇನ್‌ನಲ್ಲಿ ದಿವಾ ಎಂಬ ಯಂತ್ರಗಳು ಈ ಕೆಲಸವನ್ನು ವಿದ್ಯುನ್ಮಾನ ವಿಧಾನದಲ್ಲಿ ಮಾಡುತ್ತವೆ. ಬ್ರಿಟನ್‌ನ ಅಂಗಡಿಗಳಲ್ಲಿ ಇಂಥ ಮರುಪಾವತಿಯನ್ನು ನಿರೀಕ್ಷಿಸಬಾರದು; ಉತ್ತರ ಐರ್ಲೆಂಡನ್ನು ಹೊರತುಪಡಿಸಿ ಅಲ್ಲಿ ಆ ಯೋಜನೆ 2021ರ ಜನವರಿ 1ರಿಂದಲೇ ನಿಂತಿದೆ.

ಮೊತ್ತದ ವಿಷಯದಲ್ಲಿ ಅಂಗಡಿಯವರ ಮಾತು ನನ್ನನ್ನು ಸ್ವಲ್ಪ ದಾರಿ ತಪ್ಪಿಸಿತು. ಹತ್ತೊಂಬತ್ತು ಪ್ರತಿಶತ ತೆರಿಗೆ ಹಿಂದಕ್ಕೆ ಬರುತ್ತದೆ ಎಂದು ಅವರು ಹೇಳಿದಾಗ ಬಿಲ್ಲಿನ ಒಟ್ಟು ಮೊತ್ತದಲ್ಲಿ ಹತ್ತೊಂಬತ್ತು ಪಾಲು ಎಂದೇ ನಾನು ತಿಳಿದುಕೊಂಡೆ. ಬೆಲೆಯಲ್ಲಿ ತೆರಿಗೆ ಮೊದಲೇ ಸೇರಿರುವುದರಿಂದ ಲೆಕ್ಕ 119ರಲ್ಲಿ 19, ಅಂದರೆ ಒಟ್ಟು ಮೊತ್ತದ ಶೇಕಡ 16ಕ್ಕಿಂತ ತುಸು ಕಡಿಮೆ. ಅದರಲ್ಲೂ ಮರುಪಾವತಿಯನ್ನು ನಡೆಸಿಕೊಡುವ ಮಧ್ಯವರ್ತಿ ಸಂಸ್ಥೆ ತನ್ನ ಸೇವಾಶುಲ್ಕವನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತದೆ. ಶುಲ್ಕ ಪಡೆಯುವುದು ತಪ್ಪಲ್ಲ, ಆದರೆ ಕೈಗೆ ಬರುವ ನಿವ್ವಳ ಮೊತ್ತವನ್ನು ಅರ್ಜಿಯ ಮೇಲೆ ಎದ್ದುಕಾಣುವಂತೆ ಮುದ್ರಿಸಿದ್ದರೆ ಖರೀದಿಯ ನಿರ್ಧಾರವನ್ನು ನಾನು ಸರಿಯಾದ ಲೆಕ್ಕದ ಮೇಲೆ ತೆಗೆದುಕೊಳ್ಳುತ್ತಿದ್ದೆ. ಚಿನ್ನದ ಗಟ್ಟಿ ಅಥವಾ ನಾಣ್ಯ ಕೊಳ್ಳುವವರಿಗೆ ಈ ಸೇವೆ ಉಪಯೋಗಕ್ಕೆ ಬಾರದು. ಸಾವಿರ ಪಾಲಿನಲ್ಲಿ 995 ಅಥವಾ ಅದಕ್ಕಿಂತ ಹೆಚ್ಚು ಶುದ್ಧತೆಯ ಗಟ್ಟಿಯಂಥ ಹೂಡಿಕೆಯ ಚಿನ್ನಕ್ಕೆ ಒಕ್ಕೂಟದಲ್ಲಿ ವ್ಯಾಟ್ ವಿನಾಯಿತಿ ಇರುವುದರಿಂದ ಮರಳಿಸಲು ಏನೂ ಇರುವುದಿಲ್ಲ.

ಹೊರಡುವ ನಿಲ್ದಾಣದ ಅನುಭವಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಬಳೆಗಳನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ವಿಮಾನಕ್ಕೆ ಒಪ್ಪಿಸಿಬಿಟ್ಟಿದ್ದರೆ ತೋರಿಸಲು ನನ್ನ ಬಳಿ ಏನೂ ಉಳಿಯುತ್ತಿರಲಿಲ್ಲ, ಹಾಗಾಗಿ ಅವು ಕೈಚೀಲದಲ್ಲೇ ಇದ್ದವು. ಕಸ್ಟಮ್ಸ್ ಅಧಿಕಾರಿಯೊಬ್ಬರು ಡಬ್ಬಿ ತೆರೆಯಿಸಿ, ಒಂದು ಬಳೆಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ಒಳಬದಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾಗಿ ಒತ್ತಿದ್ದ 750 ಎಂಬ ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡಿದರು. ಸಾವಿರ ಪಾಲಿನಲ್ಲಿ 750 ಪಾಲು ಅಪ್ಪಟ ಚಿನ್ನವೆಂದು ಸಾರುವ ಆ ಗುರುತನ್ನು ಬಿಲ್ಲಿನೊಂದಿಗೆ ತಾಳೆ ನೋಡಿ, ಅರ್ಜಿಗೆ ಠಸ್ಸೆ ಒತ್ತಿದರು. ಸಾಲಿನಲ್ಲಿ ನಿಂತ ಹೊತ್ತನ್ನು ಸೇರಿಸಿದರೂ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಲಿಲ್ಲ, ಮತ್ತು ಹಣ ಕೆಲವೇ ವಾರಗಳಲ್ಲಿ ನನ್ನ ಕಾರ್ಡಿಗೆ ಜಮೆಯಾಯಿತು.

ಕೊರತೆ ಕಂಡದ್ದು ಇಳಿದ ಮೇಲೆ. ತೆರಿಗೆ ಮರುಪಾವತಿಯಾಯಿತೆಂದರೆ ಆಭರಣವು ಒಂದು ದೇಶದಿಂದ ರಫ್ತಾಯಿತೆಂದು ಅರ್ಥ, ಮತ್ತು ಅದೇ ಆಭರಣ ಇನ್ನೊಂದು ದೇಶಕ್ಕೆ ಆಮದಾಗುವಾಗ ಅಲ್ಲಿನ ಸುಂಕ ಮತ್ತು ತೆರಿಗೆಗೆ ಒಳಪಡುತ್ತದೆ. ಈ ಎರಡನೆಯ ಅರ್ಧವನ್ನು ಅಂಗಡಿಯವರಾಗಲಿ, ಮರುಪಾವತಿ ಸಂಸ್ಥೆಯ ಕರಪತ್ರವಾಗಲಿ ಒಂದು ಸಾಲಿನಲ್ಲೂ ತಿಳಿಸಿರಲಿಲ್ಲ. ನಾನು ಸುಂಕದ ವಸ್ತು ಘೋಷಿಸುವವರಿಗಾಗಿ ಇರುವ ಕೆಂಪು ಚಾನೆಲ್‌ಗೆ ಹೋಗಿ ಬಳೆಗಳನ್ನೂ ಬಿಲ್ಲನ್ನೂ ಮೇಜಿನ ಮೇಲಿಟ್ಟೆ. ಬಿಲ್ಲಿನಲ್ಲಿದ್ದದ್ದು ‘ಬಳೆ, ಎರಡು, 750’ ಎಂಬ ವಿವರ ಮತ್ತು ಒಟ್ಟು ಬೆಲೆ, ಅಷ್ಟೇ. ತೂಕವಿರಲಿಲ್ಲ, ಚಿನ್ನಕ್ಕೆಷ್ಟು, ಹರಳಿಗೆಷ್ಟು, ಮಜೂರಿಗೆಷ್ಟು ಎಂಬ ವಿಂಗಡಣೆ ಇರಲಿಲ್ಲ, ವಜ್ರಗಳ ಪ್ರಮಾಣಪತ್ರದ ಸಂಖ್ಯೆಯೂ ಇರಲಿಲ್ಲ.

ಸುಂಕಕ್ಕೆ ಮೌಲ್ಯ ಕಟ್ಟುವಾಗ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಮೊದಲ ಆಧಾರ ವಾಸ್ತವವಾಗಿ ಕೊಟ್ಟ ಬೆಲೆ. ಬಿಲ್ಲು ನಂಬುವಂತಿದ್ದರೆ ಮಾತ್ರ ಆ ಬೆಲೆ ನಿಲ್ಲುತ್ತದೆ. ಇಲ್ಲವಾದರೆ ಅಧಿಕಾರಿ ಬೇರೆ ದಾರಿಯಲ್ಲಿ ಮೌಲ್ಯ ಕಟ್ಟುತ್ತಾರೆ. ನನ್ನ ಬಳೆಗಳು ಮೌಲ್ಯಮಾಪಕರು ಬರುವವರೆಗೆ ತಕ್ಕಡಿಯ ಪಕ್ಕದಲ್ಲಿ ಕಾದವು, ನಾನೂ ಕಾದೆ. ಅವರು ಹರಳು ಸಮೇತ ತೂಗಿದರು. ಹರಳಿನ ಕ್ಯಾರಟ್ ಎಂದರೆ 0.2 ಗ್ರಾಂ ತೂಕ, ಚಿನ್ನದ ಕ್ಯಾರಟ್ ಎಂದರೆ ಇಪ್ಪತ್ತನಾಲ್ಕರಲ್ಲಿ ಎಷ್ಟು ಪಾಲು ಎಂಬ ಶುದ್ಧತೆಯ ಅಳತೆ. ಐದು ಕ್ಯಾರಟ್ ಹರಳು ಬಿಲ್ಲಿನಲ್ಲಿ ಬೇರೆಯಾಗಿ ಕಾಣಿಸದಿದ್ದರೆ ಒಂದು ಗ್ರಾಂ ಕಲ್ಲು ಚಿನ್ನದ ಲೆಕ್ಕಕ್ಕೆ ಸೇರಿಹೋಗಬಹುದು. ವಿನಾಯಿತಿಯ ಮಿತಿಯನ್ನು ತೂಕದಲ್ಲೂ ನಿಗದಿಪಡಿಸಿರುವ ದೇಶಗಳಿವೆ, ಅಲ್ಲಿ ಈ ಒಂದು ಗ್ರಾಂ ಸಣ್ಣ ಮಾತಲ್ಲ. ಅಧಿಕಾರಿಗಳು ಸೌಜನ್ಯದಿಂದಲೇ ನಡೆದುಕೊಂಡರು, ಅವರ ಮೇಲೆ ನನಗೆ ದೂರಿಲ್ಲ. ದೂರು ಇರುವುದು ಆ ಬಿಲ್ಲಿನ ಮೇಲೆ. ಪಾಸ್‌ಪೋರ್ಟ್ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಬರೆದುಕೊಂಡ ಅಂಗಡಿ, ಬಳೆಯ ತೂಕವನ್ನು ಬರೆಯಲು ಇನ್ನೊಂದು ಸಾಲು ವ್ಯಯಿಸಬಹುದಿತ್ತು.

ಕರಪತ್ರದಲ್ಲಿ ಇರಲೇಬೇಕಿದ್ದ ಇನ್ನೂ ಕೆಲವು ಸಂಗತಿಗಳಿವೆ. ಕೈಗೆ ತೊಟ್ಟುಕೊಂಡು ಬಂದರೆ ಸುಂಕವಿಲ್ಲ ಎಂಬ ನಂಬಿಕೆ ಪ್ರಯಾಣಿಕರಲ್ಲಿ ಎಷ್ಟು ಆಳವಾಗಿದೆಯೆಂದರೆ, ಸಾಲಿನಲ್ಲಿ ನನ್ನ ಹಿಂದಿದ್ದವರೇ ಡಬ್ಬಿ ಎಸೆದು ಧರಿಸಿಕೊಳ್ಳಿ ಎಂದು ಸಲಹೆ ಕೊಟ್ಟರು. ಹೊಸದಾಗಿ ಕೊಂಡದ್ದು ಮೈಮೇಲಿದ್ದರೂ ಕೊಂಡದ್ದೇ, ಉಡುಗೊರೆಯಾಗಿ ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. ಘೋಷಿಸದೆ ಹಸಿರು ಚಾನೆಲ್‌ನಲ್ಲಿ ನಡೆದರೆ ಸುಂಕದ ಜೊತೆಗೆ ದಂಡ ಬೀಳಬಹುದು, ಆಭರಣವೇ ಜಪ್ತಿಯಾಗಲೂಬಹುದು. ಸುಂಕವಿಲ್ಲದೆ ತರಬಹುದಾದ ಮೌಲ್ಯದ ಮಿತಿಗಳೂ ದೇಶದಿಂದ ದೇಶಕ್ಕೆ ಬೇರೆ: ಹೊರಗಿನಿಂದ ಒಕ್ಕೂಟಕ್ಕೆ ವಿಮಾನದಲ್ಲಿ ಬರುವವರಿಗೆ 430 ಯೂರೊ, ಬ್ರಿಟನ್‌ನಲ್ಲಿ 390 ಪೌಂಡ್, ಸ್ವಿಟ್ಜರ್ಲೆಂಡ್‌ನಲ್ಲಿ 2025ರಿಂದ 150 ಫ್ರಾಂಕ್. ಒಕ್ಕೂಟದಲ್ಲಿ ಒಂದೇ ವಸ್ತುವಿನ ಬೆಲೆ ಮಿತಿಯನ್ನು ಮೀರಿದರೆ ಮೀರಿದ ಭಾಗಕ್ಕಷ್ಟೇ ಅಲ್ಲ, ಇಡೀ ಬೆಲೆಗೆ ತೆರಿಗೆ ಬೀಳುತ್ತದೆ, ಮತ್ತು ಒಂದು ಸರವನ್ನು ಗಂಡ ಹೆಂಡಿರ ಎರಡು ಮಿತಿಗಳ ನಡುವೆ ಹಂಚಿ ತೋರಿಸಲು ಬರುವುದಿಲ್ಲ. ಆಭರಣ ಕೊಳ್ಳುವವರಿಗೆ ಈ ನಿಯಮದಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ, ಏಕೆಂದರೆ ಒಳ್ಳೆಯ ಆಭರಣ ಸಾಮಾನ್ಯವಾಗಿ ಒಂದೇ ವಸ್ತುವಾಗಿ ಮಿತಿಯನ್ನು ದಾಟುತ್ತದೆ.

ಆನೆಯ ದಂತ, ಕಡಲಾಮೆಯ ಚಿಪ್ಪು, ಕಪ್ಪು ಹವಳ ಸೇರಿದ ಒಡವೆಗಳ ಪ್ರಶ್ನೆ ಸುಂಕದ್ದಲ್ಲ, ಪರವಾನಗಿಯದ್ದು. ಅಳಿವಿನಂಚಿನ ಜೀವಿಗಳ ವ್ಯಾಪಾರದ ಕುರಿತಾದ, 1975ರಿಂದ ಜಾರಿಯಲ್ಲಿರುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇಂಥವುಗಳ ಸಾಗಣೆಯನ್ನು ನಿಯಂತ್ರಿಸುತ್ತದೆ. ಹಳೆಯ ಒಡವೆಗಳನ್ನು ತೊಟ್ಟು ಹೊರಡುವವರಿಗೆ ಅಮೆರಿಕದ ಕಸ್ಟಮ್ಸ್‌ನಲ್ಲಿ 4457 ಸಂಖ್ಯೆಯ ನಮೂನೆಯಿದೆ. ಹೊರಡುವ ಮೊದಲೇ ಒಡವೆಯನ್ನು ತೋರಿಸಿ ಅದನ್ನು ಪಡೆದರೆ, ಮರಳುವಾಗ ಇದು ನಮ್ಮದೇ ಎಂದು ವಾದಿಸುವ ತಾಪತ್ರಯವಿರದು.

ಈ ಸೇವೆಯನ್ನು ಮತ್ತೆ ಬಳಸುವೆನೇ ಎಂದರೆ, ಖಂಡಿತ ಬಳಸುತ್ತೇನೆ. ಆದರೆ ಹಣ ಕೊಡುವ ಮೊದಲೇ ಒಟ್ಟು ತೂಕ, ಹರಳು ಕಳೆದ ನಿವ್ವಳ ತೂಕ, ಶುದ್ಧತೆ, ಹರಳಿನ ಕ್ಯಾರಟ್ ಮತ್ತು ಪ್ರಮಾಣಪತ್ರದ ಸಂಖ್ಯೆ, ಚಿನ್ನ ಹರಳು ಮಜೂರಿಗಳ ಬೇರೆ ಬೇರೆ ಬೆಲೆ ಇವೆಲ್ಲವನ್ನೂ ಬಿಲ್ಲಿನಲ್ಲಿ ಬರೆಯಿಸಿಕೊಂಡೇ ಮುಂದಿನ ಮಾತು. ಮರಳಿ ಬರುವ ಮೊತ್ತವನ್ನೂ ಇಳಿದಲ್ಲಿ ಕಟ್ಟಬೇಕಾದ ಸುಂಕವನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದಾಗ ನನ್ನ ಖರೀದಿಯ ಉಳಿತಾಯ ಬಹಳ ತೆಳ್ಳಗಿತ್ತು. ಬಳೆಗಳ ಕುಸುರಿ ಮೆಚ್ಚಿ ಕೊಂಡದ್ದರಿಂದ ನನಗೆ ಬೇಸರವಿಲ್ಲ, ಅಗ್ಗವೆಂದು ಕೊಂಡವರಿಗೆ ಆಗಬಹುದು. ಅಂಗಡಿಗೆ ನಾನು ಮಿಂಚಂಚೆ ಬರೆದು ವಿವರವಾದ ಬಿಲ್ಲು ಕೇಳಿದಾಗ ಅವರು ಎರಡೇ ದಿನದಲ್ಲಿ, ನಿವ್ವಳ ತೂಕವನ್ನು ಗ್ರಾಂನ ನೂರನೆಯ ಭಾಗದವರೆಗೆ ನಮೂದಿಸಿ ಕಳಿಸಿಕೊಟ್ಟರು. ಅಷ್ಟರಲ್ಲಿ ಸುಂಕ ಕಟ್ಟಿ ಆಗಿತ್ತು.