ತಮ್ಮನ ಸಾಲವನ್ನು ಎರಡು ಸಲ ತೀರಿಸಿದೆವು, ಅದೇ ನಾವು ಮಾಡಿದ ತಪ್ಪು

ಮನೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುತ್ತಿದ್ದಾರಾ? ಮ್ಯಾಚಿನ ಮೇಲೆ ಬಾಜಿ ಕಟ್ಟಿ ಸಾಲ ಮಾಡಿಕೊಂಡಿದ್ದು ಈಗಷ್ಟೇ ಗೊತ್ತಾಗಿದೆಯಾ? ದುಡ್ಡು ಹೊಂದಿಸಲು ಓಡುವ ಮೊದಲು ದಯವಿಟ್ಟು ಇದನ್ನು ಓದಿ. ನಾವು ಮೊದಲು ಓಡಿದ್ದು ದುಡ್ಡಿಗೆ. ಆಸ್ಪತ್ರೆಗೆ ಹೋಗಿದ್ದು ಮೂರು ವರ್ಷ ತಡವಾಗಿ.

ನಮ್ಮದು ಅರಸೀಕೆರೆ ಕಡೆ, ತೆಂಗಿನ ತೋಟದ ಮನೆ. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದಾಗ ಹತ್ತು, ಇಪ್ಪತ್ತು ರೂಪಾಯಿಯ ಆಟ ಶುರು ಮಾಡಿದ. ಒಂದು ದಿನ 4,000 ಗೆದ್ದು ಅಮ್ಮನಿಗೆ ಸೀರೆ ತಂದ. ನಾವೆಲ್ಲ ಖುಷಿಪಟ್ಟೆವು. ಆ ಸೀರೆಯನ್ನು ಅಮ್ಮ ಈಗ ಉಡುವುದಿಲ್ಲ.

2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಇಂಥ ಆಟಗಳನ್ನು ನಿಷೇಧಿಸಿತು. ಅವನ ಆ್ಯಪ್ ಇಲ್ಲಿ ನಿಂತುಹೋಯಿತು. ಆ ನಾಲ್ಕು ತಿಂಗಳು ಅವನು ಹೊಟ್ಟೆ ತುಂಬ ಉಂಡ, ಕಣ್ತುಂಬ ನಿದ್ದೆ ಮಾಡಿದ. ಕಾರಣ ನಮಗೆ ಆಗ ಹೊಳೆಯಲಿಲ್ಲ. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಆ್ಯಪ್ ವಾಪಸ್ ಬಂತು.

ಅದೇ ವರ್ಷದ ಕೊನೆಯಲ್ಲಿ ಸಾಲ ವಸೂಲಿಯವರು ನನ್ನ ಗಂಡನಿಗೆ ಫೋನ್ ಮಾಡಿದರು. ವಿಷಯ ಹೊರಬಂದಿದ್ದು ಹಾಗೆ. ಸಾಲ 2,80,000 ಅಂದ ತಮ್ಮ. ಅಳುತ್ತಾ ದೇವರ ಮನೆಯಲ್ಲಿ ಆಣೆ ಮಾಡಿದ. "ಊರಿಗೆ ಗೊತ್ತಾಗೋ ಮೊದಲು ತೀರಿಸಿಬಿಡಿ" ಎಂದು ಅಮ್ಮ ಹಟ ಹಿಡಿದರು. ಒಳ್ಳೆ ರೇಟ್ ಬರಲಿ ಎಂದು ಅಟ್ಟದಲ್ಲಿ ಇಟ್ಟಿದ್ದ ಕೊಬ್ಬರಿಯನ್ನು ಅಪ್ಪ ಸಿಕ್ಕ ಬೆಲೆಗೆ ಮಾರಿದರು. ಅಮ್ಮನ ಎರಡೆಳೆ ಸರ ಅಡವಿಗೆ ಹೋಯಿತು. ಎಲ್ಲ ತೀರಿತು ಅಂದುಕೊಂಡೆವು.

ತೀರಿರಲಿಲ್ಲ. ಇನ್ನೂ 90,000 ಇದ್ದದ್ದನ್ನು ಮುಚ್ಚಿಟ್ಟಿದ್ದ. ಅದನ್ನು ಆಡಿಯೇ ತೀರಿಸುತ್ತೇನೆ ಎಂದುಕೊಂಡಿದ್ದನಂತೆ. 2024ರ ಐಪಿಎಲ್ ಮುಗಿಯುವ ಹೊತ್ತಿಗೆ ಅದು ಆರು ಲಕ್ಷ ದಾಟಿತ್ತು. ಈ ಸಲ ತೋಟದ ಅರ್ಧ ಎಕರೆ ಹೋಯಿತು.

ಅವನು ದುರಾಸೆಯವನಲ್ಲ. "ಸೋತಿದ್ದು ವಾಪಸ್ ಬಂದ್ರೆ ಸಾಕು ಅಕ್ಕ, ಆಮೇಲೆ ಮುಟ್ಟಲ್ಲ" ಎನ್ನುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ, ಅವನು ನಿಜವಾಗಿ ಹಾಗೇ ನಂಬಿದ್ದ. ಈ ಕಾಯಿಲೆ ಇರುವುದೇ ಅಲ್ಲಿ ಎಂದು ಡಾಕ್ಟರು ಆಮೇಲೆ ಹೇಳಿದರು. ಹೌದು, ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟವನ್ನು ಸೇರಿಸಿದೆ. ನಾವು ಸಾಲ ತೀರಿಸಿದಾಗಲೆಲ್ಲ ಅವನ ಕೈಯಲ್ಲಿ ಮತ್ತೆ ಸಾಲ ಎತ್ತುವ ಶಕ್ತಿ ಬರುತ್ತಿತ್ತು. ಚಟ ಹಾಗೇ ಇತ್ತು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ತೋಟ ಉಳಿಯುತ್ತಿತ್ತು.

ಜಾಹೀರಾತಿನ ಕೊನೆಯಲ್ಲಿ "ಜವಾಬ್ದಾರಿಯಿಂದ ಆಡಿ" ಎಂದು ಗಡಿಬಿಡಿಯಲ್ಲಿ ಹೇಳುತ್ತಿದ್ದರಲ್ಲ, ತಮ್ಮ ಅದನ್ನೂ ಮಾಡಿ ನೋಡಿದ್ದ. ದಿನಕ್ಕೆ 500 ಎಂದು ಮಿತಿ ಹಾಕಿಕೊಂಡಿದ್ದ. ಸೋತ ರಾತ್ರಿ ತಾನೇ ಅದನ್ನು ಏರಿಸುತ್ತಿದ್ದ. ಮಿತಿಯಲ್ಲಿ ಆಡಿ ಎದ್ದುಹೋಗುವವರು ಇರಬಹುದು. ಒಮ್ಮೆ ಸಾಲ ಮಾಡಿ ಆಡಿದವರಿಗೆ ಆ ಮಾತು ಹೇಳಬೇಡಿ. ಅವರು ಪೂರ್ತಿ ಬಿಡಬೇಕು.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂತು, ದೇಶದಲ್ಲೆಲ್ಲ ದುಡ್ಡಿನ ಆನ್‌ಲೈನ್ ಆಟ ನಿಷೇಧವಾಯಿತು. ಇನ್ನು ನಿರಾಳ ಅಂದುಕೊಂಡೆ. ಎರಡು ವಾರಕ್ಕೆ ಅವನಿಗೆ ಟೆಲಿಗ್ರಾಂನಲ್ಲಿ ಹೊರದೇಶದ ಲಿಂಕ್ ಬಂತು. ಯಾರದೋ ಖಾತೆಗೆ ದುಡ್ಡು ಹಾಕಿ ಆಡುವುದು. ಗೆದ್ದರೂ ಕೈಗೆ ಸಿಗಲಿಲ್ಲ. ಮತ್ತೆ ಎರಡು ಲಕ್ಷ ಹೋಯಿತು. "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, 15,000 ಫೀಸ್ ಕಟ್ಟಿ" ಎಂದು ಬಂದವನೂ ಮೋಸಗಾರನೇ. ಇಂಥ ಮೋಸವಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆ ರಾತ್ರಿ ತಮ್ಮ, "ನಾನಿಲ್ಲದಿದ್ರೆ ನಿಮಗೆಲ್ಲ ಹಗುರ ಅಲ್ವಾ ಅಕ್ಕ" ಅಂದ. ನನ್ನ ಕೈಕಾಲು ತಣ್ಣಗಾದವು. ಬೆಳಗಿನವರೆಗೆ ಅವನ ಪಕ್ಕದಲ್ಲೇ ಕೂತೆ. ಕೂತಲ್ಲಿಂದಲೇ 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಯಾರಾದರೂ ಹೀಗೆ ಮಾತಾಡಿದರೆ ಸುಮ್ನೆ ಹೇಳಿದ್ದು ಅಂತ ಬಿಡಬೇಡಿ, ಒಬ್ಬರೇ ಇರಲು ಬಿಡಬೇಡಿ.

ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಅಲ್ಲಿ ಚಟಗಳ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಅಷ್ಟು ದೂರ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ.

ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ತಮ್ಮ ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಕೇಂದ್ರದ ಆ ಕಾಯ್ದೆಯಲ್ಲಿ ಆಡಿದವರಿಗೆ ಶಿಕ್ಷೆ ಇಲ್ಲ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಡಾಕ್ಟರ ಹತ್ತಿರ ಹೋಗಲು ಹೆದರಬೇಕಾಗಿಲ್ಲ.

ಈ ಸಲ ನಾವು ಅವನ ಬಾಯಿಮಾತಿನ ಲೆಕ್ಕ ನಂಬಲಿಲ್ಲ. ಅವನ ಎದುರಿಗೇ ಕ್ರೆಡಿಟ್ ರಿಪೋರ್ಟ್ ತೆಗೆಸಿದೆವು. ವರ್ಷಕ್ಕೊಮ್ಮೆ ಅದು ಉಚಿತವಾಗಿ ಸಿಗುತ್ತದೆ. ಬ್ಯಾಂಕ್, ಫೈನಾನ್ಸ್ ಸಾಲ ಅದರಲ್ಲಿ ಕಾಣುತ್ತದೆ, ಕೈಸಾಲ ಕಾಣುವುದಿಲ್ಲ. ಅದಕ್ಕೆ ಅವನ ಗೆಳೆಯರನ್ನು ಒಬ್ಬೊಬ್ಬರಾಗಿ ಕೇಳಿದೆವು, "ಇನ್ನು ಕೊಡಬೇಡಿ" ಎಂದೂ ಹೇಳಿದೆವು. ನಾಚಿಕೆಯಾಯಿತು, ಆದರೂ ಹೇಳಿದೆವು. ಸಂಬಳದ ಖಾತೆ ಈಗ ನನ್ನ ಕೈಯಲ್ಲಿದೆ, ಅವನೇ ಒಪ್ಪಿ ಕೊಟ್ಟಿದ್ದು. ಯುಪಿಐ ಮಿತಿ ಇಳಿಸಿದೆವು, ಫೋನ್ ನಂಬರ್ ಬದಲಿಸಿದೆವು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ ಎಂಬ ರಿಸರ್ವ್ ಬ್ಯಾಂಕ್ ನಿಯಮವನ್ನು ಅವರಿಗೇ ಹೇಳಿದೆ. ರಾತ್ರಿಯ ಫೋನ್ ನಿಂತಿತು.

ಏಳು ತಿಂಗಳಾಯಿತು, ಅವನು ಆಡಿಲ್ಲ. ನಡುವೆ ಒಮ್ಮೆ ಕೈ ತುರಿಸಿದಾಗ ಮಧ್ಯರಾತ್ರಿ ನನಗೆ ಫೋನ್ ಮಾಡಿದ. ಒಂದು ಗಂಟೆ ಸುಮ್ನೆ ಊರಿನ ಮಾತಾಡಿದೆವು. ಮೊನ್ನೆ ಅಪ್ಪ, "ಉಳಿದಿದ್ದನ್ನೂ ಕಟ್ಟಿಬಿಡೋಣವೇನಮ್ಮ, ಪಾಪ ಹುಡುಗ ಕಷ್ಟಪಡ್ತಾನೆ" ಅಂದರು. "ಬೇಡ ಅಪ್ಪ" ಅಂದೆ. ಇನ್ನೂ 22 ಕಂತು ಇದೆ, ತಿಂಗಳಿಗೆ 9,000. ಅವನೇ ದುಡಿದು ಕಟ್ಟುತ್ತಿದ್ದಾನೆ.